ಗ್ರ್ಯಾವಿಟಿ: ಮಳೆಗಾಲದಲ್ಲಿ ಬೇಡ, ಲೈಟ್ ಹಾಕಿಕೊಂಡೂ ಬೇಡ

‘ಗ್ರ್ಯಾವಿಟಿ’ ಸಿನಿಮಾದಲ್ಲಿ ಕತೆ ಅಂತ ಹೇಳಲು ಹೆಚ್ಚೇನಿಲ್ಲ. ಭೂಮಿಯನ್ನು ಸುತ್ತುವ ಹಬಲ್ ದೂರದರ್ಶಕದ ರಿಪೇರಿಗೆ ನೌಕೆಯಿಂದ ಹೊರಬಂದವರ ಮೇಲೆ ಒಡೆದ ಉಪಗ್ರಹಗಳ ಚೂರು ಎರಗುತ್ತವೆ. ನೌಕೆ ನಾಶ. ಉಳಿದವರು ಹೇಗಾದರೂ ಭೂಮಿಗೆ ಇಳಿಯಬೇಕು. ಇಷ್ಟನ್ನೇ ಇಟ್ಟುಕೊಂಡು ನಿರ್ದೇಶಕ ಅಲ್ಫಾನ್ಸೊ ಕ್ವಾರೋನ್ 2013ರಲ್ಲಿ 91 ನಿಮಿಷದ ಚಿತ್ರ ಮಾಡಿದರು. ಕಕ್ಷೆಯಲ್ಲಿ ಭೂಮಿಯನ್ನೊಂದು ಸುತ್ತು ಹಾಕಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಚೂರುಗಳು ತಿರುಗಿ ಬರುವುದೂ ಅದೇ ಲೆಕ್ಕದಲ್ಲಿ.

ಮೊದಲ ಶಾಟ್ ಸುಮಾರು 13 ನಿಮಿಷ, ನಡುವೆ ಕಣ್ಣಿಗೆ ಕಾಣುವ ಕಟ್ ಒಂದೂ ಇಲ್ಲ. ಕಟ್ ಬಂದಾಗಲೆಲ್ಲ ನಮ್ಮ ಮನಸ್ಸು ಒಂದು ಕ್ಷಣ ಹೊರಗೆ ಬಂದು ಉಸಿರಾಡುತ್ತದೆ, ಇಲ್ಲಿ ಆ ಕಿಂಡಿಯನ್ನೇ ಮುಚ್ಚಿದ್ದಾರೆ. ಮೇಲೆ, ಕೆಳಗೆ ಅನ್ನುವುದೂ ಇಲ್ಲ. ತುಂಗೆಯ ಸುಳಿಗೆ ಸಿಕ್ಕವರಿಗೂ ದಡ ಯಾವ ಕಡೆ ಅಂತ ಅಂದಾಜಿರುತ್ತದೆ, ಸಾಂಡ್ರಾ ಬುಲಕ್ ಪಾತ್ರಕ್ಕೆ ಅದೂ ಇಲ್ಲ. ಆಕೆ ಗಿರಗಿರ ತಿರುಗುತ್ತಿರುವಾಗ ಕ್ಯಾಮೆರಾ ಮುಖದ ಹತ್ತಿರ ಸರಿದು, ಹೆಲ್ಮೆಟ್ಟಿನ ಗಾಜು ದಾಟಿ ಒಳಗೆ ಹೋಗಿ, ಆಕೆಯ ಕಣ್ಣಿನಿಂದ ಹೊರಗೆ ನೋಡಿ, ಮತ್ತೆ ಈಚೆ ಬರುತ್ತದೆ. ಚಿತ್ರದ ಅತ್ಯುತ್ತಮ ಗಳಿಗೆ ಅದೇ.

ಬಾಹ್ಯಾಕಾಶದ ಬಹುಪಾಲು ದೃಶ್ಯಗಳಲ್ಲಿ ನಿಜವಾಗಿ ಚಿತ್ರೀಕರಿಸಿದ್ದು ಮುಖ ಮಾತ್ರ. ಉಡುಪು, ಹೆಲ್ಮೆಟ್ ಗಾಜು, ಅದರ ಮೇಲಿನ ಉಸಿರಿನ ಮಂಜು ಎಲ್ಲ ಕಂಪ್ಯೂಟರಿನದು. ಆದರೂ ನಂಬಿಕೆ ಬರುವುದು ಬೆಳಕಿನಿಂದ. ಛಾಯಾಗ್ರಾಹಕ ಇಮ್ಯಾನುಯೆಲ್ ಲುಬೆಜ್ಕಿ ನಟಿಯನ್ನು ಎಲ್‌ಇಡಿ ಫಲಕಗಳ ಪೆಟ್ಟಿಗೆಯೊಳಗೆ ನಿಲ್ಲಿಸಿ, ತಿರುಗುವ ಭೂಮಿಯ ಬೆಳಕನ್ನು ಆ ಗೋಡೆಗಳಲ್ಲೇ ಓಡಿಸಿದರು. ನಟಿಯ ಬದಲು ಬೆಳಕು ತಿರುಗಿತು. ಚಿತ್ರಕ್ಕೆ ಬಂದ 7 ಆಸ್ಕರ್‌ಗಳಲ್ಲಿ ಛಾಯಾಗ್ರಹಣದ್ದೂ ಒಂದು.

ಶಬ್ದದ ಕೆಲಸ ಇನ್ನೂ ಸೂಕ್ಷ್ಮ. ಗಾಳಿಯಿಲ್ಲದ ಕಡೆ ಸ್ಫೋಟ ಕೇಳಿಸುವುದಿಲ್ಲ, ಕೈಗವಸು ಲೋಹಕ್ಕೆ ತಾಗಿದಾಗಿನ ಕಂಪನವಷ್ಟೇ ಮಂದವಾಗಿ ಮೈಯೊಳಗಿಂದ ಬರುತ್ತದೆ. ಸಂಗೀತ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಇದನ್ನು ಯಾವಾಗ ನೋಡುತ್ತೀರಿ ಅನ್ನುವುದು ಮುಖ್ಯ. ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಆ ಮೌನವೆಲ್ಲ ಮಳೆಯ ಪಾಲು. ಅಡಿಕೆ ಕೊಯ್ಲು ಮುಗಿದ ಮೇಲಿನ ಒಂದು ರಾತ್ರಿ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ನೋಡಬೇಕೆಂದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಸಂಭಾಷಣೆಯೂ ಪಾತ್ರದ ಜೊತೆ ಎಡಕ್ಕೆ ಬಲಕ್ಕೆ ಸರಿಯುವುದರಿಂದ, ಟಿವಿಯ ಸ್ಪೀಕರಿಗಿಂತ ಸಾಧಾರಣ ಹೆಡ್‌ಫೋನೇ ಮೇಲು.

ಟಿವಿಯಲ್ಲಿ ‘ನೈಟ್ ಮೋಡ್’, ‘ಆಟೋ ವಾಲ್ಯೂಮ್’ ಆಫ್ ಮಾಡಿ. ಅವು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಚಿತ್ರದ ಪ್ರಾಣವನ್ನೇ ತೆಗೆಯುತ್ತವೆ. ‘ವಿವಿಡ್’ ಬದಲು ‘ಸಿನಿಮಾ’ ಮೋಡ್ ಹಾಕಿ, ಇಲ್ಲದಿದ್ದರೆ ಕಪ್ಪು ಆಕಾಶ ಬೂದಿಬಣ್ಣಕ್ಕೆ ತಿರುಗುತ್ತದೆ. ಚಲನೆಯನ್ನು ಕೃತಕವಾಗಿ ನಯ ಮಾಡುವ ‘ಮೋಷನ್ ಸ್ಮೂದಿಂಗ್’ ತೆಗೆಯಿರಿ, ಅದಿದ್ದರೆ ಸೀರಿಯಲ್ ನೋಡಿದ ಹಾಗಾಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತೆಂದು ಜೂಮ್ ಮಾಡಬೇಡಿ, ಅಕ್ಕಪಕ್ಕದ ಕಾಲು ಭಾಗ ಚಿತ್ರ ಹೋಗುತ್ತದೆ. ಕರೆಂಟ್ ವಿಷಯ: ಇನ್ವರ್ಟರಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ಇಡಿ. ಸಾಧಾರಣ ಮೋಡಿನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಟಿವಿ ಆಫಾಗಿ ಮತ್ತೆ ಶುರುವಾಗಬಹುದು. ನೆಟ್ ನೆಚ್ಚಿಕೊಳ್ಳದೆ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಒಳ್ಳೆಯದು. ನಡುವೆ ನಿಲ್ಲಿಸಿ ಕಾಫಿಗೆ ಎದ್ದರೆ ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ.

ವಿಜ್ಞಾನದಲ್ಲಿ ತಪ್ಪುಗಳಿವೆ. ಚಿತ್ರದಲ್ಲಿ ಹಬಲ್ ಬಳಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೆಟ್ ಕಟ್ಟಿಕೊಂಡೇ ಹೋಗುತ್ತಾರೆ. ಹಬಲ್ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ವಾಲಿದ್ದರೆ, ನಿಲ್ದಾಣದ್ದು 51.6 ಡಿಗ್ರಿ. ಒಂದರಿಂದ ಇನ್ನೊಂದಕ್ಕೆ ದಾಟಲು ವೇಗವನ್ನು ಸೆಕೆಂಡಿಗೆ ಸುಮಾರು 3 ಕಿ.ಮೀ.ನಷ್ಟು ಬದಲಿಸಬೇಕು, ಬೆನ್ನಿಗೆ ಕಟ್ಟಿದ ಜೆಟ್‌ನಿಂದ ಆಗುವ ಮಾತಲ್ಲ. ಆದರೆ ಮೂಲ ಭಯ ಸುಳ್ಳಲ್ಲ. 2021ರ ನವೆಂಬರ್‌ನಲ್ಲಿ ರಷ್ಯಾ ತನ್ನದೇ ಹಳೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ ನಿಲ್ದಾಣದಲ್ಲಿದ್ದವರು ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ವಿಜ್ಞಾನದ ತಪ್ಪಿಗಿಂತ ಬರವಣಿಗೆಯ ದೋಷವೇ ದೊಡ್ಡದು: ನಾಯಕಿಯ ಮಗಳ ಸಾವಿನ ಹಿನ್ನೆಲೆಯನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಿರಲಿಲ್ಲ. ರೇಡಿಯೊದಲ್ಲಿ ಅರ್ಥವಾಗದ ಭಾಷೆಯ ದನಿ, ನಾಯಿ ಬೊಗಳು, ಮಗುವಿನ ಅಳು ಕೇಳಿಬರುವ ದೃಶ್ಯವೊಂದೇ ಆ ದುಃಖವನ್ನೆಲ್ಲ ಹೊರುತ್ತದೆ.

ಹುಲಿಕಲ್ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ತಲೆ ಸುತ್ತುವವರು ಊಟವಾದ ಕೂಡಲೇ ನೋಡಬಾರದು. ಸ್ವಲ್ಪ ಹಿಂದೆ ಸರಿದು ಕೂರಲಿ, ಉಳಿದವರು ಲೈಟ್ ಆರಿಸಿಯೇ ನೋಡಿ, ಅವರಿಗೆ ಮಾತ್ರ ಟಿವಿಯ ಹಿಂದೆ ಸಣ್ಣ ದೀಪವೊಂದು ಇರಬಹುದು.