ಮೊದಲ ಥೆರೆಮಿನ್: ಶ್ರುತಿ ತಿದ್ದಿಕೊಡುವುದೋ, ಕೈಗೇ ಬಿಡುವುದೋ?

ಥೆರೆಮಿನ್ ಅಂದರೆ ಮುಟ್ಟದೆಯೇ, ಆಂಟೆನಾದ ಹತ್ತಿರ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಮೊದಲ ಥೆರೆಮಿನ್ ಯಾವುದು ತಗೊಳ್ಳಲಿ ಅನ್ನುವವರಿಗೆ ನನ್ನ ಉತ್ತರ ಇಷ್ಟೆ: ಎರಡು ಆಂಟೆನಾ ಇರುವ ಅನಲಾಗ್ ವಾದ್ಯ, ಅಂದರೆ ಡಿಜಿಟಲ್ ಚಿಪ್ ಇಲ್ಲದೆ ಸರ್ಕ್ಯೂಟ್‌ನಿಂದಲೇ ನೇರವಾಗಿ ದನಿ ಹುಟ್ಟಿಸುವಂಥದ್ದು. ಒಂದೇ ಆಂಟೆನಾದ ಪುಟ್ಟ ಕಿಟ್, ಮೂಗ್ ಕಂಪನಿಯ ಥೆರೆಮಿನಿ, ಅದೇ ಕಂಪನಿಯ ಈಥರ್‌ವೇವ್, ಓಪನ್ ಥೆರೆಮಿನ್, ನಾಲ್ಕನ್ನೂ ನುಡಿಸಿ ನೋಡಿದ ಮೇಲೆ ಬಂದ ಅಭಿಪ್ರಾಯ ಇದು.

ಒಂದೇ ಆಂಟೆನಾದ ಕಿಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಪಿಚ್, ಅಂದರೆ ಸ್ವರದ ಏರಿಳಿತ, ಮಾತ್ರ ಕೈಗೆ ಸಿಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಜಾರು ಪೂರ್ತಿ ಕೇಳಿಸುತ್ತದೆ, ಮುಚ್ಚಲು ದಾರಿಯಿಲ್ಲ. ಎರಡು ಆಂಟೆನಾ ಇದ್ದರೆ ಬಳೆಯಂತೆ ಬಾಗಿದ ಆಂಟೆನಾದತ್ತ ಎಡಗೈ ಇಳಿಸಿದ ಕೂಡಲೇ ದನಿ ಅಡಗುತ್ತದೆ, ಎತ್ತಿದರೆ ತೆರೆದುಕೊಳ್ಳುತ್ತದೆ. ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲು ಆಗುವುದೇ ಇದರಿಂದ.

ಥೆರೆಮಿನಿ 2014ರಲ್ಲಿ ಬಂದ ಡಿಜಿಟಲ್ ವಾದ್ಯ. ಒಳಗೇ ಸ್ಪೀಕರ್ ಇದೆ, ಯಾವ ಸ್ವರ ಬರುತ್ತಿದೆ ಅಂತ ಪರದೆಯಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಿಚ್ ತಿದ್ದುವ ಗುಂಡಿ. ಅದನ್ನು ಪೂರ್ತಿ ತಿರುಗಿಸಿ ಬಲಗೈಯನ್ನು ನಿಧಾನವಾಗಿ ಪಿಚ್ ಬದಲಿಸುವ ನೆಟ್ಟನೆಯ ಆಂಟೆನಾ ಕಡ್ಡಿಯ ಹತ್ತಿರ ತಂದರೆ ದನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಸ್ವರದಲ್ಲಿ ನಿಂತು ಮಣಿಕಟ್ಟು ಮೆಲ್ಲಗೆ ಅಲುಗಿಸಿ. ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ಜಾಸ್ತಿ ಅಲುಗಿಸಿದರೆ ಪಕ್ಕದ ಸ್ವರಕ್ಕೇ ಹಾರುತ್ತದೆ. ಆರಿಸಿದ ಸ್ಕೇಲ್‌ನ ಹೊರಗೆ ಅಪಸ್ವರ ಬರುವುದೇ ಇಲ್ಲ, ನಿಜ. ಆದರೆ ಕೈ ಎಲ್ಲಿದ್ದರೂ ಸರಿಯಾದ ಸ್ವರವೇ ಬಂದರೆ, ಸ್ವಲ್ಪ ಮೇಲೆ ಹೋಯಿತು, ಸ್ವಲ್ಪ ಕೆಳಗಿಳಿಯಿತು ಅಂತ ಕಿವಿ ಕಲಿಯುವುದು ಹೇಗೆ? ಗುಂಡಿಯನ್ನು ಸೊನ್ನೆಗೆ ತಂದ ಮೇಲೆ ಜಾರು, ಗಮಕ ಎಲ್ಲ ಬರುತ್ತವೆ. ಕೈಯಲ್ಲಿ ಈಗಾಗಲೇ ಥೆರೆಮಿನಿ ಇದ್ದರೆ ಹಾಗೇ ಅಭ್ಯಾಸ ಮಾಡಿ. ಕಣ್ಣು ಪರದೆಯ ಮೇಲೆ ನೆಡಬೇಡಿ. ಶ್ರುತಿ ಹಾಕಿಕೊಂಡು ಮೊದಲು ಕಿವಿಯಿಂದ ಸ್ವರ ಹಿಡಿಯಿರಿ, ಆಮೇಲೆ ಪರದೆ ನೋಡಿ.

ಈಥರ್‌ವೇವ್‌ನಲ್ಲಿ ಇಂಥ ಆಸರೆ ಒಂದೂ ಇಲ್ಲ. ಬಾಬ್ ಮೂಗ್ 1996ರಲ್ಲಿ ತಂದ ವಿನ್ಯಾಸ ಇದು. ಮರದ ಪೆಟ್ಟಿಗೆ, ನಾಲ್ಕು ಗುಂಡಿ, ಎರಡು ಆಂಟೆನಾ, ಅಷ್ಟೆ. ಸ್ಪೀಕರ್ ಇಲ್ಲ, ಆಂಪ್ಲಿಫೈಯರ್ ಬೇರೆ ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಳಗಿನ ಕೆಲಸ ಮಾತ್ರ 1920ರ ಸುಮಾರಿಗೆ ಈ ವಾದ್ಯವನ್ನು ಮೊದಲು ಮಾಡಿದ ರಷ್ಯದ ಲೆವ್ ಟೆರ್ಮೆನ್ ಕಂಡುಕೊಂಡದ್ದೇ. ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸುವ ಎರಡು ಆಸಿಲೇಟರ್‌ಗಳು, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್‌ಗಳು, ಇರುತ್ತವೆ. ಒಂದರ ವೇಗ ಬದಲಾಗುವುದಿಲ್ಲ, ಇನ್ನೊಂದರದ್ದು ಕೈ ಹತ್ತಿರ ಬಂದಂತೆ ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಾವು ಕೇಳುವ ಸ್ವರ. ಬೆರಳು ಕೂದಲೆಳೆಯಷ್ಟು ಸರಿದರೂ ಕಿವಿಗೆ ಗೊತ್ತಾಗುತ್ತದೆ. ಮೈ ವಾಲಿದರೂ ಪಿಚ್ ವಾಲುತ್ತದೆ, ಅದಕ್ಕೇ ನೆಟ್ಟಗೆ ನಿಂತು ನುಡಿಸುವುದು. ಬಲಗೈಯನ್ನು ಭುಜದ ಹತ್ತಿರ ಎಳೆದುಕೊಂಡಾಗ ದನಿ ಪೂರ್ತಿ ಕೆಳಗಿಳಿದು ನಿಲ್ಲುವ ಹಾಗೆ ಪಿಚ್ ಗುಂಡಿ ಹೊಂದಿಸಿಕೊಳ್ಳಿ. ಕಡ್ಡಿಗೆ ತೀರಾ ಹತ್ತಿರ ಸ್ವರಗಳು ಒತ್ತೊತ್ತಾಗುತ್ತವೆ, ಶುರುವಿನಲ್ಲಿ ಅಲ್ಲಿಗೆ ಹೋಗುವುದೇ ಬೇಡ. ಮೊದಮೊದಲು ಕೇಳಲು ಕಷ್ಟ ಅನ್ನಿಸುತ್ತದೆ. ಆದರೂ ಸ-ಪ ಜಿಗಿತ ನನ್ನ ಕೈಗೆ ನಿಜವಾಗಿ ಕೂತದ್ದು ಇದರಲ್ಲೇ.

ಓಪನ್ ಥೆರೆಮಿನ್ ಬೆಸುಗೆ ಹಾಕಲು ಇಷ್ಟಪಡುವವರಿಗೆ ಹಬ್ಬ. ಉರ್ಸ್ ಗೌಡೆನ್ಸ್ ಅವರ ವಿನ್ಯಾಸ, ಸರ್ಕ್ಯೂಟ್ ಮತ್ತು ಕೋಡ್ ಎರಡೂ ಮುಕ್ತ, ಯಾರು ಬೇಕಾದರೂ ನೋಡಿ ಬಳಸಬಹುದು. ಆಂಟೆನಾ, ಪೆಟ್ಟಿಗೆ ನೀವೇ ಮಾಡಿಕೊಳ್ಳಬಹುದು. ಗ್ರೌಂಡಿಂಗ್ (ಭೂಮಿಗೆ ಕೊಡುವ ವಿದ್ಯುತ್ ಸಂಪರ್ಕ) ಸರಿ ಇರಬೇಕು, ಇಲ್ಲದಿದ್ದರೆ ಪಿಚ್ ಒಂದೆಡೆ ನಿಲ್ಲುವುದಿಲ್ಲ. ಕೈಗೆ ಬಂದ ದಿನವೇ ನುಡಿಸಬೇಕು ಅನ್ನುವವರಿಗೆ ಇದು ಬೇಡ.

ಬೇರೆಯವರು ಬಳಸಿದ ಅನಲಾಗ್ ವಾದ್ಯವೇ ಸಿಕ್ಕಿದರೆ ಧಾರಾಳವಾಗಿ ನೋಡಿ. ಸುತ್ತ ದೊಡ್ಡ ಲೋಹದ ವಸ್ತು ಇಲ್ಲದ ಕಡೆ ನಿಲ್ಲಿಸಿ, ಆನ್ ಮಾಡಿ, ಕಾಲು ಗಂಟೆ ಬಿಡಿ. ಆಮೇಲೆ ಗುಂಡಿ ಹೊಂದಿಸಿ ಒಂದಷ್ಟು ಹೊತ್ತು ನುಡಿಸಿ. ಸ್ವರದ ಜಾಗ ಮತ್ತೆ ಮತ್ತೆ ಸರಿಯುತ್ತಿದ್ದರೆ ಆ ವಾದ್ಯ ಬಿಟ್ಟು ಬೇರೆಯದು ಹುಡುಕಿ.