ಹಳೆಯ ಬಾಂಡ್ ಆಟಗಳಲ್ಲಿ ಇಂದಿಗೂ ಆಡಬೇಕೆನಿಸುವುದು ಯಾವುದು?

ಜೇಮ್ಸ್ ಬಾಂಡ್ ಹೆಸರಿನಲ್ಲಿ ಬಂದ ಹಳೆಯ ವಿಡಿಯೋ ಗೇಮ್‌ಗಳ ಪೈಕಿ ನಾಲ್ಕನ್ನು ಈ ಮಳೆಗಾಲದಲ್ಲಿ ಕಾರವಾರದ ಮನೆಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಪುನಃ ಆಡಿದ್ದೇನೆ. 1997ರ ಗೋಲ್ಡನ್‌ಐ 007, 2002ರ ನೈಟ್‌ಫೈರ್, 2004ರ ಎವ್ರಿಥಿಂಗ್ ಆರ್ ನಥಿಂಗ್ ಮತ್ತು 2005ರ ಫ್ರಮ್ ರಷ್ಯಾ ವಿತ್ ಲವ್ ಆ ನಾಲ್ಕು ಆಟಗಳು. ಹಳೆಯ ನೆನಪಿನ ಪ್ರೀತಿಯನ್ನು ಬದಿಗಿಟ್ಟು, ಇಂದು ಮೊದಲ ಸಲ ಕೈಗೆತ್ತಿಕೊಳ್ಳುವವನಿಗೆ ಇವುಗಳಲ್ಲಿ ಯಾವುದು ನಿಜವಾಗಿ ಹಿಡಿಸುತ್ತದೆ ಎಂಬುದನ್ನು ತಿಳಿಯುವುದು ನನ್ನ ಉದ್ದೇಶವಾಗಿತ್ತು. ಪಿಯುಸಿ ಓದಲು ನಮ್ಮಲ್ಲಿಗೆ ಬಂದಿರುವ ಅಕ್ಕನ ಮಗ ಈ ಯಾವ ಆಟವನ್ನೂ ಅದುವರೆಗೆ ನೋಡಿರದ ಕಾರಣ, ಅವನನ್ನೂ ಪ್ರತಿಯೊಂದರ ಮುಂದೆ ಕೂರಿಸಿದೆ.

ಗೋಲ್ಡನ್‌ಐಯನ್ನು ಅವನ ಎಕ್ಸ್‌ಬಾಕ್ಸ್ ಆಟದ ಯಂತ್ರದಲ್ಲಿ ಆಡಿದೆವು. ಉಳಿದ ಮೂರಕ್ಕೆ ಶಿರಸಿ ಹತ್ತಿರದ ಊರಮನೆಯ ಅಟ್ಟದಲ್ಲಿದ್ದ ನನ್ನ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನು ದೇವಿಮನೆ ಘಟ್ಟ ಇಳಿಸಿ ತರಬೇಕಾಯಿತು. ಮಲೆನಾಡಿನ ಮಳೆ ಡಿಸ್ಕ್‌ಗಳನ್ನೂ ಬಿಟ್ಟಿರಲಿಲ್ಲ. ನೈಟ್‌ಫೈರ್ ಡಿಸ್ಕ್‌ನ ಹೊಳೆಯುವ ಬದಿಯಲ್ಲಿ ಬೂಷ್ಟು ಸಣ್ಣ ಬೇರಿನಂತೆ ಕವಲೊಡೆದು ಹಬ್ಬಿತ್ತು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ, ಸುತ್ತು ತಿರುಗಿಸದೆ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದ ಮೇಲೆ ಮೂರನೆಯ ಪ್ರಯತ್ನದಲ್ಲಿ ಯಂತ್ರ ಅದನ್ನು ಓದಿತು. ಮೆಮೊರಿ ಕಾರ್ಡಿನಲ್ಲಿ 2006ರಲ್ಲಿ ನಾನು ಅರ್ಧಕ್ಕೆ ಬಿಟ್ಟ ಆಟ ಹಾಗೆಯೇ ಉಳಿದಿತ್ತು. ಇದೇ ಯಂತ್ರವನ್ನು ಈಗಿನ 43 ಇಂಚಿನ ಟಿವಿಗೆ ಹಳದಿ-ಬಿಳಿ-ಕೆಂಪು ವೈರಿನಿಂದ ಜೋಡಿಸಿದರೆ ಚಿತ್ರ ಮಸುಕಾಗುವುದಲ್ಲದೆ, ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕೆಲಸ ನಡೆಯುವುದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ತಡವಾಗುತ್ತದೆ. ಆದ್ದರಿಂದ ಆ ಮೂರನ್ನೂ 21 ಇಂಚಿನ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿಯೇ ಪರೀಕ್ಷಿಸಿದೆ. ಪ್ಲೇಸ್ಟೇಷನ್ 2 ಆಟಗಳು ಹಳೆಯದಾಗಿ ಕೆಟ್ಟಿವೆ ಎಂದು ದೂರುವ ಹಲವರು ಅವುಗಳನ್ನು ತಪ್ಪು ಟಿವಿಯಲ್ಲಿ ನೋಡುತ್ತಿದ್ದಾರೆ ಎಂಬುದು ನನ್ನ ಅನುಭವ.

ಹೋಲಿಕೆಗೆ ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಗೂಢಚಾರನ ಕಸುಬಿನಲ್ಲಿ ಯಾವಾಗ ಗುಂಡು ಹಾರಿಸಬೇಕು ಎನ್ನುವುದಕ್ಕಿಂತ ಯಾವಾಗ ಹಾರಿಸಬಾರದು ಎಂಬ ತೀರ್ಮಾನವೇ ದೊಡ್ಡದು. ಆ ತೀರ್ಮಾನವನ್ನು ಆಟ ನಮ್ಮ ಕೈಗೆ ಕೊಡುತ್ತದೆಯೇ, ಇಲ್ಲವೇ ಬಾಂಡ್ ಮಾಡುವುದನ್ನು ನಾವು ನೋಡುತ್ತಾ ಕೂರುವಂತೆ ಮಾಡುತ್ತದೆಯೇ ಎಂಬುದನ್ನು ಗಮನಿಸಿದೆ.

ಈ ಅಳತೆಯಲ್ಲಿ ಎಲ್ಲಕ್ಕಿಂತ ಹಳೆಯದಾದ ಗೋಲ್ಡನ್‌ಐ ಎಲ್ಲಕ್ಕಿಂತ ಮುಂದಿದೆ. ಬ್ರಿಟನ್ನಿನ ರೇರ್ ಸಂಸ್ಥೆಯು ಮಾರ್ಟಿನ್ ಹಾಲಿಸ್ ಅವರ ನೇತೃತ್ವದಲ್ಲಿ ನಿಂಟೆಂಡೊ 64 ಯಂತ್ರಕ್ಕಾಗಿ ರೂಪಿಸಿದ ಈ ಆಟವು 1995ರ ಚಿತ್ರ ತೆರೆಗೆ ಬಂದು ಸುಮಾರು ಎರಡು ವರ್ಷಗಳ ಬಳಿಕ ಬಂತು. ಚಿತ್ರದ ಬಿಸಿ ಆರಿಹೋದ ಮೇಲೆ ಬಂದ ಆಟವು 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು ಎಂದರೆ, ಜನ ಅದನ್ನು ಆಟಕ್ಕಾಗಿಯೇ ಕೊಂಡರು ಎಂದು ಅರ್ಥ. ಇದರಲ್ಲಿ ಏಜೆಂಟ್, ಸೀಕ್ರೆಟ್ ಏಜೆಂಟ್ ಮತ್ತು 00 ಏಜೆಂಟ್ ಎಂಬ ಮೂರು ಕಠಿಣತೆಯ ಮಟ್ಟಗಳಿವೆ. ಇತರ ಆಟಗಳಲ್ಲಿ ಮಟ್ಟ ಏರಿದಂತೆ ಶತ್ರುಗಳ ಬಲ ಹೆಚ್ಚುತ್ತದೆ, ಅಷ್ಟೇ. ಇಲ್ಲಿ ಅದರ ಜೊತೆಗೆ ಮಾಡಬೇಕಾದ ಕೆಲಸಗಳ ಪಟ್ಟಿಯೂ ಬೆಳೆಯುತ್ತದೆ. ಮೊದಲ ಹಂತವಾದ ಅಣೆಕಟ್ಟಿನಲ್ಲಿ ಸುಲಭದ ಮಟ್ಟದವನು ತುದಿಗೆ ಹೋಗಿ ಹಗ್ಗ ಕಟ್ಟಿಕೊಂಡು ಕೆಳಕ್ಕೆ ಹಾರಿದರೆ ಸಾಕು. 00 ಏಜೆಂಟ್ ಆದವನು ಅದಕ್ಕೂ ಮೊದಲು ಅಲಾರಂಗಳನ್ನೆಲ್ಲ ನಿಷ್ಕ್ರಿಯಗೊಳಿಸಿ, ಗುಟ್ಟಾಗಿ ಮೋಡೆಮ್ ಅಂಟಿಸಿ, ದತ್ತಾಂಶವನ್ನು ಕದಿಯಬೇಕು. ಸುಲಭದ ಮಟ್ಟದಲ್ಲಿ ಓಡಿ ದಾಟಿದ್ದ ಅಣೆಕಟ್ಟಿನ ಒಳಗಿನ ಸುರಂಗವನ್ನು ಎರಡನೆಯ ಸಲ ಹುಡುಕಿಕೊಂಡು ಇಳಿಯಬೇಕಾಗುತ್ತದೆ. ಒಂದೇ ಜಾಗ ಬೇರೆಯೇ ಜಾಗವಾಗಿ ತೋರುತ್ತದೆ.

ಕಾವಲುಗಾರರ ನಡವಳಿಕೆ ಇಂದಿನ ಕಣ್ಣಿಗೆ ಒರಟಾಗಿ ಕಂಡರೂ ಅದರ ಹಿಂದಿನ ನಿಯಮ ಗಟ್ಟಿಯಾಗಿದೆ. ಸದ್ದಡಗಿಸಿದ ಪಿಸ್ತೂಲಿನ ಒಂದು ಗುಂಡು ಪಕ್ಕದ ಕೋಣೆಗೆ ಕೇಳಿಸುವುದಿಲ್ಲ. ಅದೇ ಜಾಗದಲ್ಲಿ ರೈಫಲ್ಲಿನಿಂದ ಸತತವಾಗಿ ಹೊಡೆದರೆ ಸುತ್ತಲಿನ ಎಲ್ಲರೂ ಸದ್ದಿನತ್ತ ಧಾವಿಸುತ್ತಾರೆ, ಕೆಲವರು ಅಲಾರಂ ಒತ್ತಲು ಓಡುತ್ತಾರೆ. ಕಳೆದುಕೊಂಡ ಜೀವಶಕ್ತಿ ತಾನಾಗಿ ಮರಳುವುದಿಲ್ಲ. ರಕ್ಷಾಕವಚ ಸಿಕ್ಕಿದಲ್ಲಿ ಮಾತ್ರ ಆಸರೆ. ಹಂತದ ನಡುವೆ ಆಟವನ್ನು ಉಳಿಸಿಕೊಳ್ಳುವ ಸೌಲಭ್ಯವೂ ಇಲ್ಲ. ಮೊದಲ ದಿನ ಅಕ್ಕನ ಮಗನಿಗೆ ಇದು ಅನ್ಯಾಯವೆನಿಸಿತು. ನಾಲ್ಕನೆಯ ದಿನ ಅವನು ಬಾಗಿಲು ತೆರೆಯುವ ಮೊದಲು ನಿಂತು ಯೋಚಿಸುವುದನ್ನು ಕಲಿತಿದ್ದ.

ಫ್ರಿಗೇಟ್ ಎಂಬ ಹಂತದ ಬಗ್ಗೆ ಕಾರವಾರದವನಾಗಿ ಒಂದು ಮಾತು ಹೇಳಲೇಬೇಕು. ಚಿತ್ರದಲ್ಲಿ ಮಾಂಟೆ ಕಾರ್ಲೊ ಬಂದರಿನಲ್ಲಿ ನಿಂತ ಫ್ರೆಂಚ್ ಯುದ್ಧನೌಕೆಯಿಂದ ಹೆಲಿಕಾಪ್ಟರ್ ಕಳುವಾಗುತ್ತದೆ. ಆಟದಲ್ಲಿ ಅದೇ ನೌಕೆಯೊಳಗೆ ಹೋಗಿ ಒತ್ತೆಯಾಳುಗಳನ್ನು ಬಿಡಿಸಿ ಬಾಂಬುಗಳನ್ನು ನಿಷ್ಕ್ರಿಯಗೊಳಿಸಬೇಕು. ನಮ್ಮ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಇದಕ್ಕಿಂತ ಬಹಳ ಚಿಕ್ಕ ನೌಕೆ. ಆದರೂ ಅದರೊಳಗೆ ಭುಜ ತಾಗಿಸಿಕೊಂಡು ನಡೆಯುವಾಗ, ತಿರುವಿನಾಚೆ ಯಾರಿದ್ದಾರೆ ಎಂದು ತಿಳಿಯದಿರುವ ಆ ಇಕ್ಕಟ್ಟು, ಹಳೆಯ ಯಂತ್ರದ ಚೌಕಾಕಾರದ ಗೋಡೆಗಳಲ್ಲೂ ಸರಿಯಾಗಿ ಮೂಡಿದೆ. ಹಂತಗಳನ್ನು ಕಟ್ಟಿದವರು ಮೊದಲು ನಂಬುವಂಥ ಜಾಗವನ್ನು ರೂಪಿಸಿ, ಆಮೇಲೆ ಅದರಲ್ಲಿ ಶತ್ರುಗಳನ್ನೂ ಕೆಲಸಗಳನ್ನೂ ಇರಿಸಿದ್ದಾರೆ ಎಂದೇ ನನಗೆ ಅನಿಸಿತು.

2023ರ ಜನವರಿಯಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಆವೃತ್ತಿಯಲ್ಲಿ ಹೆಬ್ಬೆರಳಿನಿಂದ ಆಡಿಸುವ ಎರಡು ಸ್ಟಿಕ್‌ಗಳ ಇಂದಿನ ನಿಯಂತ್ರಣವಿದೆ. ಮೂಲದ ಒಂದೇ ಸ್ಟಿಕ್ಕಿನ ತೊಡಕು ಅಲ್ಲಿಗೆ ನೀಗಿದೆ. ಇಂಟರ್ನೆಟ್ ಮೂಲಕ ಇತರರೊಂದಿಗೆ ಆಡುವ ಅವಕಾಶ ಇದರಲ್ಲಿಲ್ಲ, ಅದು ನಿಂಟೆಂಡೊ ಸ್ವಿಚ್ ಆವೃತ್ತಿಗೆ ಮೀಸಲು. ಮನೆಯಲ್ಲಿಯೇ ನಾಲ್ವರು ಪರದೆಯನ್ನು ಹಂಚಿಕೊಂಡು ಆಡಬಹುದು. 43 ಇಂಚಿನ ಟಿವಿಯ ಕಾಲುಭಾಗವು ಹೆಚ್ಚುಕಡಿಮೆ ನಮ್ಮ ಹಳೆಯ 21 ಇಂಚಿನ ಟಿವಿಯಷ್ಟೇ ದೊಡ್ಡದಿರುವುದರಿಂದ ಕಣ್ಣು ಕಿರಿದಾಗಿಸುವ ಕಷ್ಟವಿಲ್ಲ.

ಆದರೆ ಕೂಡಿ ಆಡುವ ವಿಷಯದಲ್ಲಿ ನಾನು ನೈಟ್‌ಫೈರ್‌ಗೇ ಹೆಚ್ಚು ಅಂಕ ಕೊಡುತ್ತೇನೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಆಟಗಳಿವೆ. ಪ್ಲೇಸ್ಟೇಷನ್ 2 ಮುಂತಾದ ಯಂತ್ರಗಳ ಆವೃತ್ತಿಯನ್ನು ಯೂರೋಕಾಮ್ ಮಾಡಿತು. ಕಂಪ್ಯೂಟರ್ ಆವೃತ್ತಿಯನ್ನು ಗೇರ್‌ಬಾಕ್ಸ್ ಸಂಸ್ಥೆಯು 1998ರ ಹಾಫ್-ಲೈಫ್ ಆಟದ ಎಂಜಿನ್ನನ್ನು, ಎಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶವನ್ನು, ಮಾರ್ಪಡಿಸಿ ತಯಾರಿಸಿತು. ಇಪ್ಪತ್ತು ವರ್ಷಗಳ ಹಿಂದೆ ಶಿರಸಿಯ ಸೈಬರ್ ಕೆಫೆಯೊಂದರಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನಾನು ಆಡಿದ್ದು ಕಂಪ್ಯೂಟರ್ ಆವೃತ್ತಿಯನ್ನು. ಹೀಗಾಗಿ ನೈಟ್‌ಫೈರ್ ಎಂದರೆ ಬರೀ ಬಂದೂಕಿನ ಆಟ ಎಂಬ ಅಭಿಪ್ರಾಯ ನನ್ನಲ್ಲಿ ಬಹುಕಾಲ ಉಳಿದಿತ್ತು. ಅದರಲ್ಲಿ ಕಾರು ಓಡಿಸುವ ಭಾಗಗಳೇ ಇಲ್ಲ. ಪ್ಲೇಸ್ಟೇಷನ್ 2 ಆವೃತ್ತಿಯಾದರೋ ಪ್ಯಾರಿಸ್ಸಿನ ಬೀದಿಗಳಲ್ಲಿ ಆ್ಯಸ್ಟನ್ ಮಾರ್ಟಿನ್ ವ್ಯಾಂಕ್ವಿಶ್ ಕಾರಿನ ಓಟದೊಂದಿಗೆ ತೆರೆದುಕೊಳ್ಳುತ್ತದೆ. ಮುಂದೆ ಅದೇ ಕಾರು ಸಮುದ್ರಕ್ಕಿಳಿದು ಜಲಾಂತರ್ಗಾಮಿಯಾಗುತ್ತದೆ. ಎರಡರಲ್ಲಿ ಒಂದನ್ನು ಹುಡುಕುವವರು ಯೂರೋಕಾಮ್ ಆವೃತ್ತಿಯನ್ನೇ ಹುಡುಕಬೇಕು.

ಒಬ್ಬರೇ ಆಡುವ ಕಥೆಯಲ್ಲಿ ನೈಟ್‌ಫೈರ್‌ನ ಮಟ್ಟ ಏರುಪೇರಾಗಿದೆ. ಆಸ್ಟ್ರಿಯಾದ ಹಿಮದ ಕೋಟೆಗೆ ಔತಣದ ರಾತ್ರಿ ನುಸುಳುವ ಹಂತವು ಗೋಲ್ಡನ್‌ಐಯ ಒಳ್ಳೆಯ ಹಂತಗಳಿಗೆ ಸಮನಾಗಿದೆ, ಒಳಹೋಗುವ ದಾರಿಯನ್ನು ನಾವೇ ಆರಿಸಿಕೊಳ್ಳಬಹುದು. ಬಾಹ್ಯಾಕಾಶದಲ್ಲಿ ಮುಗಿಯುವ ಕೊನೆಯ ಹಂತವಾದರೋ ಸುಮ್ಮನೆ ಗುಂಡಿನ ಮಳೆ. ಪಿಯರ್ಸ್ ಬ್ರಾಸ್ನನ್ ಅವರ ಮುಖವಿದ್ದರೂ ಧ್ವನಿ ಮ್ಯಾಕ್ಸ್‌ವೆಲ್ ಕಾಲ್‌ಫೀಲ್ಡ್ ಅವರದು. ಚಿತ್ರಗಳನ್ನು ಚೆನ್ನಾಗಿ ಬಲ್ಲವರಿಗೆ ಇದು ಮೊದಲ ಮಾತಿಗೇ ಗೊತ್ತಾಗುತ್ತದೆ. ಆದರೆ ಗೆಳೆಯರು ಕೂಡಿದಾಗ ಈ ಕೊರತೆಗಳು ಮರೆತುಹೋಗುತ್ತವೆ. ಎರಡು ನಿಲ್ದಾಣಗಳ ನಡುವೆ ಕೇಬಲ್ ಕಾರುಗಳು ಓಡಾಡುವ ಸ್ಕೈರೈಲ್ ಎಂಬ ಅಖಾಡ, ಹಾರಿಸಿದ ಮೇಲೆ ಅದರ ಮೂತಿಯ ಮೇಲೆ ಕುಳಿತಂತೆ ನಾವೇ ನಡೆಸಬಹುದಾದ ಕ್ಷಿಪಣಿ, ಆಟಗಾರರು ಕಡಿಮೆ ಬಿದ್ದರೆ ಯಂತ್ರವೇ ಆಡಿಸುವ ಎದುರಾಳಿಗಳು ಸೇರಿ, ಇಬ್ಬರೇ ಇದ್ದರೂ ಆಟ ಕಳೆಗುಂದುವುದಿಲ್ಲ. ಗೋಲ್ಡನ್‌ಐಯಲ್ಲಿ ಯಂತ್ರದ ಎದುರಾಳಿಗಳಿಲ್ಲ. ಇಬ್ಬರು ದೊಡ್ಡ ಅಖಾಡದಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಲೇ ಸಮಯ ಕಳೆಯುತ್ತದೆ. ಮಳೆಯ ಭಾನುವಾರ ಪಕ್ಕದ ಮನೆಯ ಹುಡುಗರು ಬಂದಾಗಲೆಲ್ಲ ಅವರು ಕೇಳಿದ್ದು ನೈಟ್‌ಫೈರನ್ನೇ.

ಎವ್ರಿಥಿಂಗ್ ಆರ್ ನಥಿಂಗ್ ಯಾವುದೇ ಚಿತ್ರದ ಅನುವಾದವಲ್ಲದಿದ್ದರೂ ನಾಲ್ಕರಲ್ಲಿ ಚಿತ್ರಕ್ಕೆ ಅತ್ಯಂತ ಹತ್ತಿರವಿರುವುದು ಇದೇ. ಬಾಂಡ್ ಚಿತ್ರಗಳಿಗೆ ಬರೆದಿದ್ದ ಬ್ರೂಸ್ ಫೀರ್‌ಸ್ಟೀನ್ ಅವರೇ ಇದರ ಚಿತ್ರಕಥೆ ಬರೆದಿದ್ದಾರೆ. ಬ್ರಾಸ್ನನ್, ಜೂಡಿ ಡೆಂಚ್, ಜಾನ್ ಕ್ಲೀಸ್ ತಮ್ಮದೇ ಧ್ವನಿ ಕೊಟ್ಟಿದ್ದಾರೆ. ಖಳನಾಯಕ ಡಿಯಾವೊಲೊ ಆಗಿ ವಿಲೆಮ್ ಡಫೊ ಇದ್ದಾರೆ. ಬ್ರಾಸ್ನನ್ ಬಾಂಡ್ ಆಗಿ ಕೊನೆಯದಾಗಿ ಮಾತನಾಡಿದ್ದು ತೆರೆಯ ಮೇಲಲ್ಲ, ಈ ಆಟದಲ್ಲಿ. ಆ ಕಾರಣಕ್ಕಾದರೂ ಇದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದು ನನ್ನ ನಂಬಿಕೆ. ಬಾಂಡ್‌ನನ್ನು ಹಿಂದಿನಿಂದ ನೋಡುತ್ತಾ ನಡೆಸುವ ಆಟವಿದು. ಗೋಡೆಯ ಮರೆಯಲ್ಲಿ ನಿಲ್ಲಬಹುದು, ಹಗ್ಗ ಹಿಡಿದು ಕಟ್ಟಡ ಇಳಿಯಬಹುದು, ಜೇಡದಾಕಾರದ ಪುಟ್ಟ ಯಂತ್ರವನ್ನು ಮುಂದೆ ಕಳುಹಿಸಿ ಸ್ಫೋಟಿಸಬಹುದು. ವಾಹನಗಳ ಭಾಗವಂತೂ ನಾಲ್ಕರಲ್ಲೇ ಶ್ರೇಷ್ಠ. ನ್ಯೂ ಆರ್ಲಿಯನ್ಸ್ ಬಳಿಯ ಉದ್ದನೆಯ ಸೇತುವೆಯ ಮೇಲೆ ಉಕ್ಕಿನ ಹಲ್ಲಿನ ಜಾಸ್ ಎಂಬ ಖಳನನ್ನು ಬೈಕಿನಲ್ಲಿ ಬೆನ್ನಟ್ಟುವ ಭಾಗವನ್ನು ನಾನು ಅಗತ್ಯವಿಲ್ಲದಿದ್ದರೂ ಮೂರು ಸಲ ಆಡಿದೆ.

ಇದರ ಕೊರತೆಯೂ ಆ ಸಿನಿಮಾತನದಲ್ಲೇ ಇದೆ. ಒಂದು ಗುಂಡಿ ಒತ್ತಿದರೆ ಕಾಲ ನಿಧಾನವಾಗಿ, ಸುತ್ತಮುತ್ತ ಬಳಸಬಹುದಾದ ವಸ್ತುಗಳೆಲ್ಲ ಎದ್ದು ಕಾಣುತ್ತವೆ. ಹೊಸಬರಿಗೆ ಅನುಕೂಲವೇ ಸರಿ. ಆದರೆ ಎಲ್ಲಿ ಹತ್ತಬೇಕು, ಯಾವುದನ್ನು ಸಿಡಿಸಬೇಕು ಎಂಬುದನ್ನು ಆಟವೇ ತೋರಿಸಿಕೊಟ್ಟ ಮೇಲೆ ಯೋಚಿಸುವ ಕೆಲಸ ನಮಗೆ ಉಳಿಯುವುದಿಲ್ಲ. ಎರಡನೆಯ ಸಲ ಆಡುವಾಗ ಇದು ತೀವ್ರವಾಗಿ ತಟ್ಟುತ್ತದೆ: ಕಥೆ ಗೊತ್ತು, ದಾರಿ ಗೊತ್ತು, ಬೆರಗು ಮಾತ್ರ ಅರ್ಧವಾಗಿದೆ. ಮುಖ್ಯ ಕಥೆಯಿಂದ ಪ್ರತ್ಯೇಕವಾಗಿ ಇಬ್ಬರು ಜೊತೆಗೂಡಿ ಆಡಬಹುದಾದ ಕಾರ್ಯಾಚರಣೆಗಳಿವೆ. ಎದುರಾಳಿಗಳಾಗಿ ಹೊಡೆದಾಡುವುದಕ್ಕಿಂತ ಕೈಜೋಡಿಸುವುದು ಇಷ್ಟವಾದರೆ, ಈ ನಾಲ್ಕರಲ್ಲಿ ಆ ಸುಖವಿರುವುದು ಇಲ್ಲಿ ಮಾತ್ರ.

ಫ್ರಮ್ ರಷ್ಯಾ ವಿತ್ ಲವ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1963ರ ಚಿತ್ರವನ್ನು ಆಧರಿಸಿದ ಈ ಆಟಕ್ಕೆ ಶಾನ್ ಕಾನರಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹೊಸದಾಗಿ ಧ್ವನಿ ನೀಡಿದರು. ಪರದೆಯ ಮೇಲೆ ಮೂವತ್ತರ ಹರೆಯದ ಮುಖ, ಕಿವಿಗೆ ಮಾಗಿದ ಮುದುಕನ ಗಂಟಲು. ಕೆಲವರಿಗೆ ಇದು ಹೊಂದಿಕೆಯಾಗದೆ ಹೋಗಬಹುದು, ನನಗೆ ಮಾತ್ರ ಆ ಧ್ವನಿಯೇ ಆಟದ ಜೀವವೆನಿಸಿತು. ಅಷ್ಟು ಬಿಟ್ಟರೆ, ರೈಲಿನೊಳಗಿನ ಬಿಗಿಯಾದ ಚಿತ್ರಕಥೆಗೆ ಬೆನ್ನಿಗೆ ಕಟ್ಟಿ ಹಾರುವ ಜೆಟ್‌ಪ್ಯಾಕನ್ನು ತುರುಕಿದ್ದು ಸರಿಹೋಗಿಲ್ಲ. ಹಕ್ಕುಗಳ ತೊಡಕಿನಿಂದ ಚಿತ್ರದ ಸ್ಪೆಕ್ಟರ್ ಎಂಬ ಖಳರ ಕೂಟವು ಆಟದಲ್ಲಿ ಆಕ್ಟೋಪಸ್ ಆಗಿದೆ. ಒಂದು ಸಲ ಆಡಬಹುದು.

ಹಕ್ಕುಗಳ ತೊಡಕು ಈ ಆಟಗಳೆಲ್ಲಕ್ಕೂ ಅಂಟಿಕೊಂಡಿದೆ. ಆಟ ಮಾಡಿದವರಿಗೂ ಬಾಂಡ್ ಹೆಸರಿನ ಒಡೆಯರಿಗೂ ನಡುವಿನ ಒಪ್ಪಂದದ ಅವಧಿ ಮುಗಿದೊಡನೆ ಮಾರಾಟ ನಿಲ್ಲುತ್ತದೆ. ನೈಟ್‌ಫೈರ್ ಮತ್ತು ಎವ್ರಿಥಿಂಗ್ ಆರ್ ನಥಿಂಗ್ ಇಂದು ಹಳೆಯ ಡಿಸ್ಕ್ ರೂಪದಲ್ಲಿ ಮಾತ್ರ ಸಿಗುತ್ತವೆ. ಗೋಲ್ಡನ್‌ಐಗೂ ಇದೇ ಗತಿಯಾಗಿತ್ತು. 2002ರಲ್ಲಿ ರೇರ್ ಸಂಸ್ಥೆ ಮೈಕ್ರೋಸಾಫ್ಟ್ ಪಾಲಾದ ಮೇಲೆ, ನಿಂಟೆಂಡೊ ಸೇರಿದಂತೆ ಎಲ್ಲರೂ ಒಪ್ಪಿ ಅದು ಮತ್ತೆ ಹೊರಬರಲು 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆದ್ದರಿಂದ ಯಾರ ಮನೆಯ ಅಟ್ಟದಲ್ಲಾದರೂ ಇಂತಹ ಡಿಸ್ಕ್ ಇದ್ದರೆ ದಯವಿಟ್ಟು ಮಳೆಗಾಲಕ್ಕೆ ಮುನ್ನ ಕೆಳಗಿಳಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಪರೀಕ್ಷೆ ಮುಗಿದು ಪ್ಲೇಸ್ಟೇಷನ್ 2 ಯಂತ್ರವನ್ನು ಕಟ್ಟಿಟ್ಟು ಎರಡು ವಾರವಾಗಿದೆ. ಮನೆಯಲ್ಲಿ ಇನ್ನೂ ನಡೆಯುತ್ತಿರುವುದು ಗೋಲ್ಡನ್‌ಐಯ ಎರಡನೆಯ ಹಂತವಾದ ಫೆಸಿಲಿಟಿ. ಗಾಳಿಕೊಳವೆಯಿಂದ ಶೌಚಾಲಯಕ್ಕಿಳಿದು ಆರಂಭವಾಗುವ ಈ ಹಂತವನ್ನು 00 ಏಜೆಂಟ್ ಮಟ್ಟದಲ್ಲಿ 2 ನಿಮಿಷ 5 ಸೆಕೆಂಡುಗಳೊಳಗೆ ಮುಗಿಸಿದವರಿಗೆ, ಗುಂಡು ತಾಗದ ವರವೊಂದು ದೊರೆಯುತ್ತದೆ. ಒಳಗೆ ಡಾಕ್ಟರ್ ಡೋಕ್ ಎಂಬ ಗುಪ್ತ ಸಹಾಯಕನನ್ನು ಕಂಡು ಬಾಗಿಲು ತೆರೆಯುವ ಸಾಧನವನ್ನು ಪಡೆಯಬೇಕು. ಆಟ ಕಟ್ಟಿದ ತಂಡದಲ್ಲಿದ್ದ ಡೇವಿಡ್ ಡೋಕ್ ಅವರ ಹೆಸರನ್ನೇ ಆ ಪಾತ್ರಕ್ಕೆ ಇಟ್ಟಿದ್ದಾರೆ. ಪ್ರತಿ ಸಲ ಅವನು ನಿಲ್ಲುವ ಜಾಗ ಬದಲಾಗುತ್ತದೆ. ಹತ್ತಿರದಲ್ಲಿ ಸಿಕ್ಕಿದರೆ ಮಾತ್ರ ಆ ಸಮಯ ಸಾಧ್ಯ. ರಾತ್ರಿ ಊಟಕ್ಕೆ ಕರೆಯುವ ಹೊತ್ತಿಗೆ ಸರಿಯಾಗಿ ಹಾಲ್‌ನಿಂದ ಅಕ್ಕನ ಮಗನ ದನಿ ಕೇಳುತ್ತದೆ: "ಮಾವ, ಡಾಕ್ಟ್ರು ಇವತ್ತೂ ಇಲ್ಲಿಲ್ಲೆ." ನಿನ್ನೆಯವರೆಗಿನ ಅವನ ಅತ್ಯುತ್ತಮ ಸಮಯ 2 ನಿಮಿಷ 19 ಸೆಕೆಂಡು. ನನ್ನದು 2 ನಿಮಿಷ 31.