ಯುದ್ಧದ ಮೂರು ಸರ್ರಿಯಲಿಸ್ಟ್ ಚಿತ್ರಗಳು: ಪ್ರಿಂಟ್‌ನಲ್ಲಿ ಉಳಿಯುವುದೆಷ್ಟು?

ಕನಸಿನಂತೆ ವಾಸ್ತವ ಮೀರಿದ ಚಿತ್ರ ಬರೆಯುವ ಸರ್ರಿಯಲಿಸ್ಟ್ ಕಲಾವಿದರಲ್ಲೊಬ್ಬನಾದ ಮ್ಯಾಕ್ಸ್ ಅರ್ನ್ಸ್ಟ್‌ನ ‘ಮಳೆಯ ನಂತರದ ಯುರೋಪ್ 2’ರ ಪ್ರಿಂಟ್ ತರಿಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಅಳತೆಪಟ್ಟಿ. ಮೂಲಚಿತ್ರದ ಎತ್ತರ ಸುಮಾರು 55 ಸೆಂ.ಮೀ., ಅಗಲ 148. ಇದನ್ನು 1:2ರ ಸಿದ್ಧ ಫ್ರೇಮಿಗೆ ಕೂರಿಸಿದರೆ ಚಿತ್ರದ ಕಾಲು ಭಾಗ ಕತ್ತರಿಗೆ ಹೋಗುತ್ತದೆ. ಅಂಚು ತಾನೇ, ಹೋದರೆ ಹೋಗಲಿ ಎನ್ನುವಂತಿಲ್ಲ. ಎಡದಿಂದ ಬಲಕ್ಕೆ ಕಣ್ಣು ಎಷ್ಟು ಹಾಯಿಸಿದರೂ ಹಾಳು ಮುಗಿಯುವುದಿಲ್ಲ ಎಂಬುದೇ ಇಲ್ಲಿನ ಭಯ.

ಚಿತ್ರದಲ್ಲಿ ಬಾಂಬಿಲ್ಲ, ಬಂದೂಕಿಲ್ಲ. ಎರಡನೇ ಮಹಾಯುದ್ಧ ಶುರುವಾದಾಗ, ಶತ್ರುದೇಶವಾದ ಜರ್ಮನಿಯವನೆಂದು ಅರ್ನ್ಸ್ಟ್‌ನನ್ನು ಫ್ರಾನ್ಸ್ 1939ರಲ್ಲಿ ಲೆ ಮಿಲ್ ಶಿಬಿರದಲ್ಲಿ ಕೂಡಿಹಾಕಿತ್ತು; 1940ರಲ್ಲಿ ಫ್ರಾನ್ಸ್‌ನಲ್ಲೇ ಶುರುವಾದ ಈ ಚಿತ್ರ 1942ರಲ್ಲಿ ಅಮೆರಿಕದಲ್ಲಿ ಮುಗಿಯಿತು. ಕೊಳೆತ ಮಾಂಸವೋ ಹವಳವೋ ತಿಳಿಯದ ಆ ಮೇಲ್ಮೈ ಬರೀ ಕುಂಚದಿಂದ ಬಂದದ್ದಲ್ಲ. ಹಸಿ ಬಣ್ಣದ ಮೇಲೆ ಗಾಜನ್ನೋ ಕಾಗದವನ್ನೋ ಒತ್ತಿ ಎಳೆದರೆ ಬಣ್ಣ ಅಂಟಿಕೊಂಡು ಎದ್ದು ನರನರವಾಗಿ ಸೀಳುತ್ತದೆ. ಇದೇ ಡೆಕಲ್ಕೊಮೇನಿಯ. ಆ ಗೀರುಗಳಲ್ಲಿ ಕಂಡ ಆಕಾರಗಳನ್ನು ತಿದ್ದಿ, ಹಿಂದೆ ನುಣುಪಾದ ಆಕಾಶ ಬಳಿದಿದ್ದಾನೆ.

ಪ್ರಿಂಟ್ ಸೋಲುವುದೂ ಈ ಗೀರುಗಳಲ್ಲೇ. ಮೂಲದ ಅರ್ಧ ಅಳತೆಗೆ, ಅಂದರೆ 74 ಸೆಂ.ಮೀ. ಅಗಲಕ್ಕೆ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 8,740 ಪಿಕ್ಸೆಲ್ ಅಗಲದ ಫೈಲ್ ಬೇಕು. 3,000 ಪಿಕ್ಸೆಲ್‌ನ ಫೈಲನ್ನೇ ಹಿಗ್ಗಿಸಿದರೆ ಬರೀ ನೂರು ಡಿಪಿಐ ಚಿಲ್ಲರೆ ಸಿಗುತ್ತದೆ, ಮಾಂಸವೆಲ್ಲ ಪಾಚಿಯಾಗುತ್ತದೆ. ಶಾರ್ಪ್‌ನೆಸ್ ಏರಿಸಿ ಮುಚ್ಚಿಹಾಕಿದರೆ ಅಂಚುಗಳಲ್ಲಿ ಬಿಳಿ ಗೆರೆ ಕಾಣುತ್ತದೆ. ಕಾಗದ ಮ್ಯಾಟ್ ಇರಲಿ. ಗ್ಲಾಸಿಯಲ್ಲಿ ಕತ್ತಲ ಪೊಟರೆಗಳ ಬದಲು ಟ್ಯೂಬ್‌ಲೈಟ್ ಕಾಣುತ್ತದೆ!

ಸ್ಪೇನ್‌ನ ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿಯ ‘ಯುದ್ಧದ ಮುಖ’ (1940, 64 × 79 ಸೆಂ.ಮೀ.) ಕೆಡುವ ರೀತಿ ಬೇರೆ. ಕಣ್ಣು, ಬಾಯಿಯ ಕುಳಿಗಳಲ್ಲಿ ಮುಖಗಳು, ಆ ಮುಖಗಳ ಕುಳಿಗಳಲ್ಲಿ ಮತ್ತೆ ಮುಖಗಳು: ಸಾವಿಗೆ ತಳವೇ ಇಲ್ಲ. A4ಗೆ ಇಳಿಸಿದರೆ ಒಳಗಿನವು ಚುಕ್ಕಿಗಳಾಗಿ, ಎಲ್ಲೋ ಒಂದು ಕಡೆ ತಳ ಸಿಕ್ಕಿಬಿಡುತ್ತದೆ. ಕಂದು ಬಣ್ಣ ಕಿತ್ತಳೆಗೆ ತಿರುಗಿದ ಪ್ರಿಂಟ್ ಅಂತೂ ದೆವ್ವದ ಸಿನಿಮಾ ಪೋಸ್ಟರ್. ಕ್ಯಾನ್ವಾಸ್ ಪ್ರಿಂಟಾದರೆ ಚಿತ್ರವನ್ನೇ ಚೌಕಟ್ಟಿನ ಬದಿಗೆ ಮಡಚಲು ಬಿಡಬೇಡಿ. ಕೆಳಗೆ ಬಲಮೂಲೆಯಲ್ಲಿ ಕೈಯ ಅಚ್ಚು ಇದೆ, ಮಡಿಕೆ ಅದನ್ನು ನುಂಗುತ್ತದೆ. ಬದಿಗೆ ಖಾಲಿ ಬಟ್ಟೆ ಬಿಡಲು ಹೇಳಿ.

ಮೂರರಲ್ಲಿ ಪ್ರಿಂಟಿಗೆ ಚೆನ್ನಾಗಿ ಒಗ್ಗುವುದು, ಸ್ಪೇನ್‌ನ ಅಂತರ್ಯುದ್ಧಕ್ಕೆ ತುಸು ಮುಂಚೆ 1936ರಲ್ಲಿ ಡಾಲಿ ಬರೆದ ‘ಬೇಯಿಸಿದ ಬೀನ್ಸ್‌ನೊಂದಿಗೆ ಮೆತ್ತನೆಯ ರಚನೆ’. ತನ್ನನ್ನು ತಾನೇ ಹಿಂಡಿಕೊಳ್ಳುವ ದೇಹದ ದೊಡ್ಡ ಆಕಾರ 40 ಸೆಂ.ಮೀ.ಯಲ್ಲೂ ನಿಲ್ಲುತ್ತದೆ. ಚಿತ್ರ ಹೆಚ್ಚುಕಮ್ಮಿ ಚೌಕ, ಹಾಗಾಗಿ ಚೌಕ ಫ್ರೇಮ್ ಸಾಕು. ಕಟ್ಟಿಸುವ ಮೊದಲು ಎಡಗಡೆ ಕೈಯ ಹಿಂದಿನ ಪುಟ್ಟ ಮನುಷ್ಯನೂ ಕೆಳಗೆ ಚೆಲ್ಲಿದ ಬೀನ್ಸ್ ಕಾಳುಗಳೂ ಉಳಿದಿವೆಯೇ ನೋಡಿಕೊಳ್ಳಿ.